6.51 ಚದರ ಮೀಟರಿನ ಸಾಮ್ರಾಜ್ಯ

ಬ್ರಿಟನ್ನಿನ ಹಣಕಾಸು ಸಚಿವೆ ರೇಚಲ್ ರೀವ್ಸ್ ಅವರು 2024ರಲ್ಲಿ ಡೌನಿಂಗ್ ಸ್ಟ್ರೀಟಿನ ಸರ್ಕಾರಿ ನಿವಾಸಕ್ಕೆ ಹೋದ ಮೇಲೆ, ದಕ್ಷಿಣ ಲಂಡನ್ನಿನ ಡಲಿಚ್‌ನಲ್ಲಿದ್ದ ತಮ್ಮ ಸ್ವಂತ ಮನೆಯನ್ನು ತಿಂಗಳಿಗೆ ಸುಮಾರು 3,200 ಪೌಂಡಿಗೆ ಬಾಡಿಗೆಗೆ ಕೊಟ್ಟರು. ಆ ಭಾಗದಲ್ಲಿ ಮನೆ ಬಾಡಿಗೆಗೆ ಕೊಡುವವರು ಅಲ್ಲಿನ ಸ್ಥಳೀಯ ಆಡಳಿತವಾದ ಸದರ್ಕ್ ಕೌನ್ಸಿಲಿಗೆ 945 ಪೌಂಡ್ ಕಟ್ಟಿ ಪರವಾನಗಿ ಪಡೆಯಬೇಕೆಂಬ ನಿಯಮವಿತ್ತು. ಅದನ್ನು ಪಡೆದಿರಲಿಲ್ಲ. 2025ರ ಅಕ್ಟೋಬರ್ ಕೊನೆಯಲ್ಲಿ ಪತ್ರಿಕೆಯೊಂದು ವಿಷಯವನ್ನು ಬಯಲಿಗೆಳೆದಾಗ, ಇದು ಅರಿಯದೆ ಆದ ತಪ್ಪೆಂದು ಸಚಿವೆ ಪ್ರಧಾನಿಗೆ ಪತ್ರ ಬರೆದು ಕ್ಷಮೆ ಕೇಳಿದರು. ಅದಕ್ಕೆ ಸ್ವಲ್ಪವೇ ಮುಂಚೆ, ತಮ್ಮ ಕ್ಷೇತ್ರವಿರುವ ಲೀಡ್ಸ್ ನಗರದಲ್ಲಿ ಇಂಥದೇ ಪರವಾನಗಿ ಯೋಜನೆ ವಿಸ್ತರಣೆಯಾಗುವುದನ್ನು ಅವರೇ ಸ್ವಾಗತಿಸಿದ್ದರು. ಆಮೇಲೆ ಹಳೆಯ ಇಮೇಲುಗಳು ಸಿಕ್ಕವು. ಪರವಾನಗಿ ಬೇಕೆಂದು ಮನೆಯನ್ನು ಬಾಡಿಗೆಗೆ ಕೊಡಿಸಿದ ಏಜೆಂಟರು ಸಚಿವೆಯ ಪತಿಗೆ ತಿಳಿಸಿದ್ದರು, ಅರ್ಜಿಯನ್ನು ತಾವೇ ಹಾಕುವುದಾಗಿಯೂ ಹೇಳಿದ್ದರು. ಅರ್ಜಿ ಹಾಕುವ ಮೊದಲೇ ಆ ಕೆಲಸ ನೋಡಿಕೊಳ್ಳುತ್ತಿದ್ದ ನೌಕರರೊಬ್ಬರು ರಾಜೀನಾಮೆ ಕೊಟ್ಟು ಹೋಗಿದ್ದರು.

ವಿರೋಧ ಪಕ್ಷ ಸಚಿವೆಯ ಮೇಲೆ ಹರಿಹಾಯಿತು, ಏಜೆಂಟರು ತಪ್ಪು ತಮ್ಮದೆಂದರು, ಪ್ರಧಾನಿ ವಿಷಯ ಮುಗಿಯಿತೆಂದರು. ಈ ಗದ್ದಲದಲ್ಲಿ ಅಭಿನಂದನೆಗೆ ನಿಜವಾಗಿ ಅರ್ಹವಾದದ್ದನ್ನು ಎಲ್ಲರೂ ಮರೆತರು. ದೇಶದ ಬೊಕ್ಕಸದ ಜಮಾಖರ್ಚನ್ನೆಲ್ಲ ನೋಡುವವರಿಗೆ, ಅದರಲ್ಲೂ ಆ ನಿಯಮವನ್ನು ಹೊಗಳಿದವರಿಗೆ, ತಮ್ಮ ಮನೆ ಅದರ ಒಳಗಿದೆಯೋ ಹೊರಗಿದೆಯೋ ಎಂದು ತಿಳಿಯದಷ್ಟು ಅಚ್ಚುಕಟ್ಟಾಗಿ ಒಂದು ನಿಯಮವನ್ನು ಹೆಣೆಯುವುದು ಸಾಮಾನ್ಯರಿಂದ ಆಗುವ ಕೆಲಸವಲ್ಲ.

ಹೆಣಿಗೆ ಹೀಗಿದೆ. ಇಂಗ್ಲೆಂಡಿನ ಮಟ್ಟಿಗೆ ಎಲ್ಲಕ್ಕೂ ಮೂಲ 2004ರ ಹೌಸಿಂಗ್ ಆಕ್ಟ್. ಅದರಡಿ ಪರವಾನಗಿಗಳು ಮೂರು ಬಗೆ. ಒಂದೇ ಅಡುಗೆಮನೆ, ಒಂದೇ ಬಚ್ಚಲು ಹಂಚಿಕೊಂಡು ಐದು ಅಥವಾ ಹೆಚ್ಚು ಮಂದಿ, ಒಂದಕ್ಕಿಂತ ಹೆಚ್ಚು ಕುಟುಂಬಗಳಿಗೆ ಸೇರಿದವರು ವಾಸಿಸುವ ಮನೆಗೆ ಕಡ್ಡಾಯ ಪರವಾನಗಿ. ಇಂಥ ಹಂಚಿಕೆಯ ಮನೆಯನ್ನು ಅಲ್ಲಿ ಎಚ್‌ಎಂಒ ಎನ್ನುತ್ತಾರೆ. ಕೌನ್ಸಿಲಿಗೆ ಮನಸ್ಸಾದರೆ ಮೂರು ನಾಲ್ಕು ಮಂದಿಯ ಎಚ್‌ಎಂಒಗೂ ಹೆಚ್ಚುವರಿ ಪರವಾನಗಿ. ಇನ್ನೂ ಮನಸ್ಸಾದರೆ, ತಾನು ಆಯ್ದ ಪ್ರದೇಶದಲ್ಲಿ ಒಂದೇ ಸಂಸಾರವಿರುವ ಬಾಡಿಗೆ ಮನೆಗೂ ಆಯ್ದ ಪರವಾನಗಿ. ಸಚಿವೆ ಎಡವಿದ್ದು ಈ ಮೂರನೆಯದರಲ್ಲಿ. ಪ್ರದೇಶವನ್ನು ಆಯ್ಕೆ ಮಾಡಲು ಕಾರಣಗಳೂ ಪಟ್ಟಿಯಾಗಿವೆ: ಮನೆಗಳಿಗೆ ಬೇಡಿಕೆಯಿಲ್ಲದಿರುವುದು, ಪುಂಡಾಟ, ಮನೆಗಳ ದುಃಸ್ಥಿತಿ, ಬಡತನ, ಅಪರಾಧ, ಮತ್ತು ಬೇರೆಡೆಯಿಂದ ಬಂದು ನೆಲೆಸುವವರ ಸಂಖ್ಯೆ ಹೆಚ್ಚಿರುವುದು. ಕೊನೆಯ ನಾಲ್ಕನ್ನು 2015ರಲ್ಲಿ ಸೇರಿಸಲಾಯಿತು. ಹಾಸನದಿಂದಲೋ ಕಲಬುರಗಿಯಿಂದಲೋ ಹೋಗಿ ಪೂರ್ವ ಲಂಡನ್ನಿನ ಕೋಣೆಯೊಂದರಲ್ಲಿ ಸೂಟ್‌ಕೇಸ್ ಇಳಿಸುವ ನಮ್ಮ ಹುಡುಗರು, ಬೇರೆ ಯಾವ ಪ್ರಯತ್ನವೂ ಇಲ್ಲದೆ ಪರವಾನಗಿಗೆ ಕಾರಣಕರ್ತರಾಗಬಹುದೆಂಬುದು ಅವರಿಗೇ ತಿಳಿದಿರಲಿಕ್ಕಿಲ್ಲ. ಗಡಿ ಸಾಮಾನ್ಯವಾಗಿ ವಾರ್ಡಿನದು, ವಾರ್ಡಿನ ಗಡಿ ಎಷ್ಟೋ ಕಡೆ ರಸ್ತೆಯ ನಡುಗೆರೆ. ಹಾಗಾಗಿ ಎದುರು ಬದುರು ಮನೆಗಳಲ್ಲಿ ಒಂದರ ಮಾಲೀಕ ಶುಲ್ಕ ಕಟ್ಟುತ್ತಾನೆ, ಇನ್ನೊಂದರ ಮಾಲೀಕ ಕಿಟಕಿಯಿಂದ ಅದನ್ನು ನೋಡುತ್ತಾನೆ. ಇಬ್ಬರ ಮನೆಯ ಬೂಷ್ಟು ಮಾತ್ರ ಒಂದೇ ಬಗೆಯದು.

ಇನ್ನು ಕುಟುಂಬ ಎಂದರೇನು? ಇಲ್ಲಿ ಆಂಗ್ಲ ಶಾಸನ ನಮ್ಮ ಕಡೆಯ ಮದುವೆ ಮನೆಯ ಅಜ್ಜಿಯ ಪಾತ್ರವನ್ನು ವಹಿಸಿಕೊಂಡು, ಬಂದವರನ್ನೆಲ್ಲ ತಡೆದು ನಿಲ್ಲಿಸಿ, ‘ಅವರು ನಿನಗೆ ಏನಾಗಬೇಕಪ್ಪಾ?’ ಎಂದು ಕೇಳತೊಡಗುತ್ತದೆ. 258ನೆಯ ಸೆಕ್ಷನ್ನಿನ ಪ್ರಕಾರ ತಂದೆತಾಯಿ, ಅಜ್ಜ ಅಜ್ಜಿ, ಮಕ್ಕಳು ಮೊಮ್ಮಕ್ಕಳು, ಒಡಹುಟ್ಟಿದವರು, ಚಿಕ್ಕಪ್ಪ ಅತ್ತೆ ಸೋದರಮಾವ, ಅಣ್ಣತಂಗಿಯರ ಮಕ್ಕಳು, ದೊಡ್ಡಪ್ಪನ ಮಗ, ಸೋದರತ್ತೆಯ ಮಗಳು, ಇವರೆಲ್ಲ ಒಂದೇ ಕುಟುಂಬ. ಅಷ್ಟಕ್ಕೇ ನಿಲ್ಲದೆ, ಗಂಡನ ಕಡೆಯ ನೆಂಟರೂ ಹೆಂಡತಿಯ ಕಡೆಯ ನೆಂಟರೂ ಪರಸ್ಪರ ಒಂದೇ ಕುಟುಂಬವೆಂದು ಅದು ಸಾರುತ್ತದೆ. ಬೀಗರು ಬೀಗರು ಒಂದೇ ಮನೆಯವರೆಂದು ವೆಸ್ಟ್‌ಮಿನ್‌ಸ್ಟರಿನ ಸಂಸತ್ತು ಒಪ್ಪಿಕೊಂಡಿದೆ. ನಮ್ಮ ಕಡೆ ಈ ಮಾತಿಗೆ ಇಷ್ಟು ಸುಲಭವಾಗಿ ಸಹಿ ಬೀಳುವುದಿಲ್ಲ. ಪರಿಣಾಮವೇನೆಂದರೆ, ತುಮಕೂರಿನ ಒಂದೇ ಮನೆತನದ ಐವರು ದಾಯಾದಿ ಹುಡುಗರು ಲೆಸ್ಟರಿನಲ್ಲಿ ಒಂದೇ ಮನೆ ಹಿಡಿದು ಒಂದೇ ಒಲೆಯ ಮೇಲೆ ಸಾರು ಕುದಿಸಿದರೆ ಅದು ಎಚ್‌ಎಂಒ ಅಲ್ಲ. ಅದೇ ಮನೆಯಲ್ಲಿ, ಅದೇ ಒಲೆಯ ಮುಂದೆ, ಹಾಸ್ಟೆಲಿನಿಂದ ಹಿಡಿದು ಇಲ್ಲಿಯವರೆಗೆ ಜೊತೆಯಲ್ಲೇ ಬೆಳೆದ ಐವರು ಗೆಳೆಯರಿದ್ದರೆ ಅದು ಐದು ಕುಟುಂಬಗಳ ವಸತಿ. ಕಡ್ಡಾಯ ಪರವಾನಗಿ ಬೇಕು. ಹಂಚಿಕೆಯ ಮನೆಗಳಲ್ಲಿ ಬೆಂಕಿಯ ಅಪಾಯ ಹೆಚ್ಚೆಂಬುದೇ ಈ ಪರವಾನಗಿಗೆ ಇರುವ ದೊಡ್ಡ ಸಮರ್ಥನೆ, ಮತ್ತು ಅದು ನ್ಯಾಯವಾದ ಸಮರ್ಥನೆ. ಬೆಂಕಿ ವಂಶವೃಕ್ಷ ನೋಡಿ ಹತ್ತಿಕೊಳ್ಳುತ್ತದೆಂಬುದೊಂದು ಮಾತ್ರ ಹೊಸ ಸಂಶೋಧನೆ. ಇದರ ಹಿಂದೆ ಇನ್ನೊಂದು ಸಂಶೋಧನೆಯಿತ್ತು: 2018ರ ಅಕ್ಟೋಬರ್ 1ರವರೆಗೆ ಮನೆಗೆ ಮೂರು ಅಂತಸ್ತಿದ್ದರಷ್ಟೇ ಪರವಾನಗಿ ಕಡ್ಡಾಯ. ಐವರು ಎರಡು ಅಂತಸ್ತಿನಲ್ಲಿ ಒತ್ತೊತ್ತಾಗಿ ಮಲಗಿದರೆ ನಿಶ್ಚಿಂತೆ. ಉಸಿರಾಡಲು ಒಬ್ಬ ಅಟ್ಟಕ್ಕೆ ಹೋಗಿ ಅದೂ ಒಂದು ಅಂತಸ್ತೆನಿಸಿಕೊಂಡರೆ ಅಪರಾಧ.

ಅಂತಸ್ತು ಹೋಯಿತು, ಚದರ ಮೀಟರು ಬಂತು. ಪರವಾನಗಿ ಪಡೆದ ಎಚ್‌ಎಂಒದಲ್ಲಿ ಹತ್ತು ವರ್ಷ ಮೀರಿದ ಒಬ್ಬರು ಮಲಗುವ ಕೋಣೆ 6.51 ಚದರ ಮೀಟರಿಗಿಂತ ಕಡಿಮೆಯಿರಬಾರದು, ಇಬ್ಬರದಾದರೆ 10.22, ಹತ್ತರೊಳಗಿನ ಒಂದು ಮಗುವಿನದಾದರೆ 4.64. ಎರಡು ದಶಮಾಂಶ ಸ್ಥಾನಗಳವರೆಗೆ ಹೋದ ಈ ಅಂಕಿಗಳನ್ನು ಕಂಡಾಗ, ಯಾವುದೋ ಪ್ರಯೋಗಾಲಯದಲ್ಲಿ ಮನುಷ್ಯನ ನಿದ್ರೆಯನ್ನು ವರ್ಷಗಟ್ಟಲೆ ಅಳೆದು ಕಂಡುಕೊಂಡ ಸತ್ಯಗಳಿರಬೇಕೆಂಬ ಭಕ್ತಿ ಹುಟ್ಟುತ್ತದೆ. ಗುಣಿಸಿ ನೋಡಿದರೆ ಭಕ್ತಿ ಇಳಿಯುತ್ತದೆ. ಅವು 70, 110 ಮತ್ತು 50 ಚದರ ಅಡಿಗಳು. 1935ರ ಹೌಸಿಂಗ್ ಆಕ್ಟಿನ ಕೋಷ್ಟಕದಲ್ಲಿ 110 ಅಡಿಯ ಕೋಣೆಗೆ ಇಬ್ಬರು, 70 ಅಡಿಯದಕ್ಕೆ ಒಬ್ಬರು, 50 ಅಡಿಯದಕ್ಕೆ ಅರ್ಧ ವ್ಯಕ್ತಿ ಎಂದು ಬರೆದಿಟ್ಟಿದ್ದನ್ನು, 2018ರಲ್ಲಿ ಮೀಟರಿನ ಅಂಗಿ ತೊಡಿಸಿ ಹೊರಗೆ ಕಳುಹಿಸಲಾಗಿದೆ. ಕರಾರುವಾಕ್ಕಾಗಿ ಲೆಕ್ಕ ಹಾಕಿದರೆ 70 ಚದರ ಅಡಿಗೆ 6.5032 ಚದರ ಮೀಟರು. ಅದು ಮೇಲಕ್ಕೇರಿ 6.51 ಆಗಿದೆ. 50 ಚದರ ಅಡಿಗೆ 4.6452, ಅದು ಕೆಳಕ್ಕಿಳಿದು 4.64 ಆಗಿದೆ. ದೊಡ್ಡವರಿಗೆ ಒಂದು ಅಂಗೈಯಗಲ ದಾನ, ಮಕ್ಕಳಿಂದ ಅದಕ್ಕೂ ಸಣ್ಣದೊಂದು ವಸೂಲಿ. ಬೆಂಗಳೂರಿನ ಬಿಬಿಎಂಪಿ ಕೂಡ 2024ರಲ್ಲಿ ಪಿಜಿಗಳಿಗೆ ಮಾರ್ಗಸೂಚಿ ಹೊರಡಿಸುವಾಗ ತಲೆಗೆ 70 ಚದರ ಅಡಿಯೆಂದೇ ಬರೆಯಿತು. ಮೀಟರಿನ ಗೋಜಿಗೆ ಹೋಗಲಿಲ್ಲವೆಂಬುದು ಅದರ ಹೆಚ್ಚುಗಾರಿಕೆ.

ಐದು ಚದರ ಮೀಟರಿನ ಕೋಣೆಯಲ್ಲಿ ಮಲಗುವ ಮಗು ಹತ್ತನೆಯ ಹುಟ್ಟುಹಬ್ಬದ ಕೇಕ್ ತಿಂದು ಅದೇ ಹಾಸಿಗೆಗೆ ಮರಳಿದರೆ ಮನೆ ಮಾಲೀಕ ಷರತ್ತು ಮುರಿದಂತಾಗುವ ಸಂದರ್ಭವನ್ನು ಬೇಕಾದರೆ ಬಿಡೋಣ. ಸೂರು 1.5 ಮೀಟರಿಗಿಂತ ತಗ್ಗಿರುವ ಜಾಗವನ್ನು ಲೆಕ್ಕಕ್ಕೆ ಹಿಡಿಯಬಾರದೆಂಬುದು ಒಳ್ಳೆಯ ನಿಯಮವೇ. ಆದರೆ 4.64ಕ್ಕಿಂತ ಚಿಕ್ಕದಾದ ಯಾವುದೇ ಕೋಣೆ ಮನೆಯಲ್ಲಿದ್ದರೆ ಮಾಲೀಕ ಅದನ್ನು ಕೌನ್ಸಿಲಿಗೆ ತಿಳಿಸಬೇಕೆಂಬ ಷರತ್ತನ್ನು ಓದುವಾಗ, ಪೊರಕೆ ಬಕೆಟ್ಟು ಇಡುವ ಮೂಲೆಕೋಣೆಯೂ ಸರ್ಕಾರಿ ಕಡತದಲ್ಲಿ ಸ್ಥಾನ ಪಡೆಯುವ ಭಾಗ್ಯಕ್ಕೆ ಬೆರಗಾಗದೆ ಇರಲಾಗದು. ಮಲಗುವ ಕೋಣೆ ಚಿಕ್ಕದೆಂದು ಕಂಡುಬಂದರೆ ಸರಿಪಡಿಸಿಕೊಳ್ಳಲು 18 ತಿಂಗಳವರೆಗೆ ಕಾಲಾವಕಾಶ ಕೊಡಬಹುದು. ಗೋಡೆಗಳು ಬೆಳೆಯಲು ಅಷ್ಟು ಸಮಯ ಬೇಕೇ ಬೇಕು.

ಇಷ್ಟೆಲ್ಲ ಅಳತೆಯನ್ನು ಯಾರು ಬಂದು ಅಳೆಯುತ್ತಾರೆ? ಈ ಶಾಸನದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದು. ಅರ್ಜಿ ಬಂದ ಎಚ್‌ಎಂಒದಲ್ಲಿ ವಾಸಿಸುವವರಿಗೆ ಗಂಭೀರ ಅಪಾಯಗಳಿಲ್ಲವೆಂದು ಕೌನ್ಸಿಲು ಖಚಿತಪಡಿಸಿಕೊಳ್ಳಬೇಕೆಂದು 55ನೆಯ ಸೆಕ್ಷನ್ ವಿಧಿಸುತ್ತದೆ. ಅದಕ್ಕಾಗಿ ತನಗೆ ಸೂಕ್ತ ಕಂಡ ಕ್ರಮವನ್ನು, ಮನೆಗೆ ಹೋಗಿ ನೋಡಿಯಾಗಲಿ ನೋಡದೆಯಾಗಲಿ, ಅದು ಕೈಗೊಳ್ಳಬಹುದು. ಏನೇ ಆದರೂ ಅರ್ಜಿ ಬಂದ ದಿನದಿಂದ ಐದು ವರ್ಷದೊಳಗೆ ಈ ಕರ್ತವ್ಯ ಮುಗಿಯಬೇಕು. ಪರವಾನಗಿಯ ಗರಿಷ್ಠ ಆಯುಸ್ಸೂ ಐದೇ ವರ್ಷ. ಅಂದರೆ ಕಾನೂನಿನ ಚೌಕಟ್ಟಿನೊಳಗೇ, ಸುರಕ್ಷಿತವೆಂದು ಪರವಾನಗಿ ಪಡೆದ ಮನೆ ಸುರಕ್ಷಿತವಾಗಿದೆಯೇ ಎಂಬುದು ಆ ಪರವಾನಗಿಯ ಅವಧಿ ಮುಗಿಯುವ ಹೊತ್ತಿಗೆ ತಿಳಿದುಬರಬಹುದು. ಅಲ್ಲಿಯವರೆಗೆ ಪರೀಕ್ಷೆ ನಡೆಯುವುದು ಮಾಲೀಕನ ಮೇಲೆ: ಅವನು ‘ಯೋಗ್ಯ ಮತ್ತು ಸೂಕ್ತ’ ವ್ಯಕ್ತಿಯೇ, ವಂಚನೆ ಮಾಡಿದ್ದಾನೆಯೇ, ಹೊಡೆದಾಡಿದ್ದಾನೆಯೇ, ಮಾದಕ ವಸ್ತು ಮಾರಿದ್ದಾನೆಯೇ. ಮಾಲೀಕ ಎಷ್ಟು ಯೋಗ್ಯನಾದರೂ ಅವನ ಮನೆಯ ಬಾಯ್ಲರಿಗೆ ಆ ಯೋಗ್ಯತೆ ಅಂಟುವುದಿಲ್ಲ. ಶ್ರದ್ಧೆಯಿಂದ ಪ್ರತಿ ಮನೆಗೂ ಅಧಿಕಾರಿಯನ್ನು ಕಳುಹಿಸುವ ಕೌನ್ಸಿಲುಗಳೂ ಇವೆ. ಅವು ಕಾನೂನು ಬಯಸಿದ್ದಕ್ಕಿಂತ ಹೆಚ್ಚು ಕೆಲಸ ಮಾಡುತ್ತಿವೆ ಎಂಬುದೇ ಇಲ್ಲಿ ನಗೆಯ ವಿಷಯ.

ಯೋಗ್ಯತೆಯ ಪರೀಕ್ಷೆಯಿಂದ ಹುಟ್ಟಿನಿಂದಲೇ ವಿನಾಯಿತಿ ಪಡೆದವರೂ ಇದ್ದಾರೆ. ಕೌನ್ಸಿಲು ತಾನೇ ನಡೆಸುವ ಕಟ್ಟಡ, ಪೊಲೀಸರದು, ಅಗ್ನಿಶಾಮಕ ದಳದ್ದು, ಆರೋಗ್ಯ ಸೇವೆಯದು, ಇವು ಯಾವುವೂ ಈ ಕಾಯಿದೆಯ ಕಣ್ಣಿಗೆ ಎಚ್‌ಎಂಒಗಳೇ ಅಲ್ಲ, ಒಂದೇ ಅಡುಗೆಮನೆಯಲ್ಲಿ ಐವತ್ತು ಮಂದಿ ಸರದಿ ನಿಂತರೂ. ಇದರಿಂದ ಸ್ಫೂರ್ತಿ ಪಡೆದೋ ಏನೋ, ಆಶ್ರಯ ಕೋರಿ ಬಂದವರನ್ನು ಇರಿಸಲು ಬಳಸುವ ಮನೆಗಳಿಗೂ ಎಚ್‌ಎಂಒ ಪರವಾನಗಿ ಬೇಡವೆಂಬ ಕರಡು ನಿಯಮವನ್ನು 2023ರಲ್ಲಿ ಸರ್ಕಾರ ಸಂಸತ್ತಿನ ಮುಂದಿಟ್ಟಿತು. ಪರವಾನಗಿಯ ತತ್ವವನ್ನು ಇಡೀ ದೇಶದ ಮಾಲೀಕರಿಗೆ ಬೋಧಿಸಿದವರಿಗೆ, ತಮ್ಮದೇ ಬಾಡಿಗೆದಾರರ ವಿಷಯದಲ್ಲಿ ಆ ತತ್ವ ಕೊಠಡಿಗಳ ಪೂರೈಕೆಗೆ ಅಡ್ಡಿಯಾಗಿ ಕಂಡಿತ್ತು. ಪ್ರಕರಣ ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ ಕರಡನ್ನು ಹಿಂದಕ್ಕೆ ಪಡೆದರು.

ಇಷ್ಟರ ಜೊತೆಗೆ ಯೋಜನಾ ಅನುಮತಿ ಬೇರೆ ಇದೆ. ಅದೇ ಕೌನ್ಸಿಲಿನ ಒಂದು ವಿಭಾಗ ಕೊಟ್ಟ ಪರವಾನಗಿಯನ್ನು ಗೋಡೆಗೆ ತೂಗುಹಾಕುವಷ್ಟರಲ್ಲಿ, ಮನೆಯನ್ನು ಎಚ್‌ಎಂಒ ಆಗಿ ಬದಲಾಯಿಸಲು ಅನುಮತಿ ಪಡೆದಿಲ್ಲವೆಂದು ಇನ್ನೊಂದು ವಿಭಾಗ ನೋಟಿಸು ಕಳುಹಿಸಬಹುದು. ತೆರಿಗೆಯ ಕಥೆ ಇನ್ನೂ ಸೊಗಸು: ಪರವಾನಗಿಗೆ ಒಂದೇ ಮನೆಯಾಗಿದ್ದದ್ದು ಕೌನ್ಸಿಲ್ ತೆರಿಗೆಗೆ ಕೋಣೆಗೊಂದರಂತೆ ಐದು ಮನೆಗಳಾಗುವ ಪವಾಡ ಎಷ್ಟೋ ಕಡೆ ನಡೆಯುತ್ತಿತ್ತು. 2023ರ ಡಿಸೆಂಬರ್ 1ರಿಂದ ಅದು ನಿಂತಿದೆ.

ಈಗ ಮುಖ್ಯ ಪ್ರಶ್ನೆ: ಅರ್ಜಿ ಹಾಕುವವರು ಯಾರು? ಗ್ಯಾಸ್ ಪ್ರಮಾಣಪತ್ರವನ್ನು ವರ್ಷ ವರ್ಷ ನವೀಕರಿಸಿ, ಹೊಗೆ ಎಚ್ಚರಿಕೆಯ ಗಂಟೆಯನ್ನು ತಿಂಗಳು ತಿಂಗಳು ಒತ್ತಿ ನೋಡುವ, ಮೊದಲೇ ನಿದ್ದೆಗೆಟ್ಟ ಮಾಲೀಕರು. ಅವರು ಶುಲ್ಕ ಕಟ್ಟುತ್ತಾರೆ. ಸಾಧ್ಯವಾದ ಕಡೆ ಅದನ್ನು ಬಾಡಿಗೆಗೆ ಸೇರಿಸುತ್ತಾರೆ. ಹೀಗೆ ತನ್ನ ರಕ್ಷಣೆಯ ಖರ್ಚನ್ನು ಬಾಡಿಗೆದಾರ ತಾನೇ ಭರಿಸುವ ಸ್ವಾವಲಂಬನೆ ಸಾಧಿತವಾಗುತ್ತದೆ. ಹಿತ್ತಲಿನ ಶೆಡ್ಡಿನಲ್ಲಿ ಹಾಸಿಗೆ ಹಾಸಿ ವಾರಕ್ಕೊಮ್ಮೆ ನಗದು ಎಣಿಸುವವನು ಅರ್ಜಿ ಹಾಕುವುದಿಲ್ಲ. ಅವನಿಗಾಗಿಯೇ 2018ರ ಏಪ್ರಿಲ್‌ನಲ್ಲಿ ಸರ್ಕಾರ ದುಷ್ಟ ಮಾಲೀಕರ ದತ್ತಾಂಶ ಪಟ್ಟಿಯನ್ನು ತೆರೆಯಿತು. ಆರು ತಿಂಗಳು ಕಳೆದರೂ ಅದರಲ್ಲಿ ಒಂದು ಹೆಸರೂ ಇರಲಿಲ್ಲ. ಇದ್ದಿದ್ದರೂ ಬಾಡಿಗೆದಾರರಿಗೆ ಉಪಯೋಗವಾಗುತ್ತಿರಲಿಲ್ಲ, ಏಕೆಂದರೆ ಆ ಪಟ್ಟಿಯನ್ನು ನೋಡುವ ಅವಕಾಶ ಕೌನ್ಸಿಲುಗಳಿಗೆ ಮತ್ತು ಸರ್ಕಾರಕ್ಕೆ ಮಾತ್ರವಿತ್ತು. ದುಷ್ಟರ ಮಾನಮರ್ಯಾದೆಯನ್ನು ಇಷ್ಟು ಜೋಪಾನವಾಗಿ ಕಾಯ್ದ ವ್ಯವಸ್ಥೆ ಇನ್ನೊಂದಿರಲಾರದು.

2025ರ ಅಕ್ಟೋಬರ್ 27ರಂದು ರಾಜಮುದ್ರೆ ಪಡೆದ ಬಾಡಿಗೆದಾರರ ಹಕ್ಕುಗಳ ಕಾಯಿದೆ ಇದಕ್ಕೆಲ್ಲ ಮದ್ದು ತಂದಿದೆ. ಖಾಸಗಿ ಮಾಲೀಕರೆಲ್ಲ ರಾಷ್ಟ್ರೀಯ ದತ್ತಾಂಶ ಪಟ್ಟಿಯೊಂದರಲ್ಲಿ ಹಣ ಕೊಟ್ಟು ಹೆಸರು ಬರೆಸಬೇಕು. ಕೌನ್ಸಿಲಿನ ಪರವಾನಗಿಯೂ ಹಾಗೆಯೇ ಮುಂದುವರಿಯುತ್ತದೆ. ಪರವಾನಗಿಯಿಲ್ಲದವರಿಗೆ ಕೌನ್ಸಿಲು ವಿಧಿಸಬಹುದಾದ ದಂಡದ ಮಿತಿ 30,000 ಪೌಂಡಿನಿಂದ 40,000ಕ್ಕೆ ಏರಿದೆ, ಬಾಡಿಗೆದಾರ ನ್ಯಾಯಮಂಡಳಿಗೆ ಹೋಗಿ ಮರಳಿ ಪಡೆಯಬಹುದಾದ ಬಾಡಿಗೆ 12 ತಿಂಗಳದ್ದಿದ್ದದ್ದು 24 ತಿಂಗಳದ್ದಾಗಿದೆ. 55ನೆಯ ಸೆಕ್ಷನ್ನಿನ ಐದು ವರ್ಷಗಳ ಔದಾರ್ಯಕ್ಕೆ ಯಾರೂ ಕೈ ಹಚ್ಚಿದ್ದನ್ನು ನಾನು ಕಂಡಿಲ್ಲ. ಹೊಸ ಪಟ್ಟಿಯನ್ನು ಬಾಡಿಗೆದಾರರೂ ನೋಡಬಹುದಂತೆ. ಮಾಲೀಕನ ಹೆಸರನ್ನು ಅದರಲ್ಲಿ ಹುಡುಕಲು ಶೆಡ್ಡಿನಲ್ಲಿ ಮಲಗುವವನಿಗೆ ಮೊದಲು ಆ ಹೆಸರು ತಿಳಿದಿರಬೇಕು. ಹಣ ಎಣಿಸಿಕೊಂಡು ಹೋಗಲು ಪ್ರತಿ ವಾರ ಬರುವುದು ಮಾಲೀಕನಲ್ಲ, ಅವನ ಭಾವಮೈದುನ.