ಗಡಿಯಾಚೆ ಸೈನಿಕ, ಊರಿನಲ್ಲಿ ದಾವೆ

ಲೆಬನಾನಿನಲ್ಲೋ ದಕ್ಷಿಣ ಸುಡಾನಿನಲ್ಲೋ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯಲ್ಲಿರುವ ನಮ್ಮ ಕಡೆಯ ಸೈನಿಕನ ಹೆಸರಿಗೆ ತೀರ್ಥಹಳ್ಳಿಯ ಅಥವಾ ಸಾಗರದ ನ್ಯಾಯಾಲಯದಿಂದ ಸಮನ್ಸ್ ಬಂದರೆ, ಅದನ್ನು ಕೈಗೆ ತೆಗೆದುಕೊಳ್ಳುವವರು ಆತನ ಹೆಂಡತಿ ಇಲ್ಲವೇ ವಯಸ್ಸಾದ ತಂದೆ. ಮಲೆನಾಡಿನಲ್ಲಿ ಇಂಥ ದಾವೆಗಳು ಹೆಚ್ಚಾಗಿ ಅಡಿಕೆ ತೋಟದ ಹಿಸ್ಸೆ, ಬೇಲಿ, ತೋಟಕ್ಕೆ ಹೋಗುವ ದಾರಿ ಇವುಗಳ ಸುತ್ತಲೇ ಇರುತ್ತವೆ. ಎದುರಾಳಿ ಬಹುತೇಕ ದಾಯಾದಿಯೇ. ಮಗ ರಜೆಗೆ ಬಂದ ಮೇಲೆ ನೋಡಿದರಾಯಿತು ಎಂದು ಕಾಗದವನ್ನು ಎತ್ತಿಟ್ಟರೆ ವಾಯಿದೆಗಳು ಕಳೆದು ಎಕ್ಸ್‌ಪಾರ್ಟಿ ಡಿಕ್ರಿಯೇ, ಅಂದರೆ ಆತನ ಗೈರುಹಾಜರಿಯಲ್ಲೇ ತೀರ್ಪು, ಆಗಿಬಿಡಬಹುದು.

ಇದನ್ನು ತಡೆಯುವ ಕಾನೂನು ನಮ್ಮಲ್ಲಿ ಇಲ್ಲವೆಂದಲ್ಲ. 1925ರ ಇಂಡಿಯನ್ ಸೋಲ್ಜರ್ಸ್ ಲಿಟಿಗೇಷನ್ ಆ್ಯಕ್ಟ್ ಯುದ್ಧದ ಪರಿಸ್ಥಿತಿಯಲ್ಲಿ ಅಥವಾ ಕಡಲಾಚೆ ಸೇವೆಯಲ್ಲಿರುವ ಸೈನಿಕನಿಗೆ ಸಿವಿಲ್ ಮತ್ತು ಕಂದಾಯ ನ್ಯಾಯಾಲಯಗಳೆರಡರಲ್ಲೂ ರಕ್ಷಣೆ ಕೊಡುತ್ತದೆ: ವಿಚಾರಣೆಯನ್ನು ಮುಂದೂಡಬಹುದು, ಆತನ ಗೈರುಹಾಜರಿಯಲ್ಲಿ ಆದ ಡಿಕ್ರಿಯನ್ನು ರದ್ದುಪಡಿಸಬಹುದು, ಕಾಲಮಿತಿಯನ್ನು ಎಣಿಸುವಾಗ ಆ ಸೇವೆಯ ಅವಧಿಯನ್ನು ಬಿಡಬೇಕು. ಎದುರಾಳಿ ಇಂಥ ಸೇವೆಯಲ್ಲಿದ್ದಾನೆಂದು ನಂಬಲು ಕಾರಣವಿದ್ದರೆ ದಾವೆ ಹೂಡುವವನೇ ಅದನ್ನು ವಾದಪತ್ರದಲ್ಲಿ ಹೇಳಬೇಕೆಂದು ಅದರ 4ನೆಯ ಕಲಂ ವಿಧಿಸುತ್ತದೆ. ಜಿಲ್ಲಾಧಿಕಾರಿಯೂ ತಾನಾಗಿ ನ್ಯಾಯಾಲಯಕ್ಕೆ ವಸ್ತುಸ್ಥಿತಿಯನ್ನು ದೃಢೀಕರಿಸಿ ಬರೆಯಬಹುದು.

ನನ್ನ ತಕರಾರು ಇಲ್ಲಿಯೇ ಇದೆ. ಯಾರ ಮಗ ಎಲ್ಲಿ ನೌಕರಿಯಲ್ಲಿದ್ದಾನೆಂಬುದು ಇಡೀ ಊರಿಗೆ ಗೊತ್ತಿರುವ ಮಲೆನಾಡಿನಲ್ಲಿ, ಒಂದೇ ಮನೆತನದ ದಾಯಾದಿಗೆ ಅದು ತಿಳಿದಿರಲಿಲ್ಲವೆಂಬ ಮಾತನ್ನು ನಾನು ನಂಬುವುದಿಲ್ಲ. ಆದರೂ ಆ ಒಂದು ಸಾಲು ವಾದಪತ್ರದಲ್ಲಿ ಬರದಿದ್ದರೆ, ಅದನ್ನು ನ್ಯಾಯಾಲಯದ ಗಮನಕ್ಕೆ ತರುವ ಹೊರೆ ವಕೀಲರ ಕಚೇರಿಯ ಮೆಟ್ಟಿಲನ್ನೇ ಎಂದೂ ಹತ್ತದ ಹೆಂಗಸಿನ ಮೇಲೆ ಬೀಳುತ್ತದೆ. ದಾವೆಯನ್ನು ದಾಖಲಿಸಿಕೊಳ್ಳುವಾಗಲೇ ಪ್ರತಿವಾದಿ ಸೇನೆಯಲ್ಲಿರುವನೇ ಎಂದು ಕೇಳುವ ಪದ್ಧತಿ ತಾಲ್ಲೂಕು ನ್ಯಾಯಾಲಯಗಳಲ್ಲೂ ತಹಶೀಲ್ದಾರರ ಕಚೇರಿಯಲ್ಲೂ ಬರಬೇಕು. ಇದಕ್ಕೆ ಹೊಸ ಕಾನೂನೇನೂ ಬೇಡ.

ಹೀಗೆ ಮುಂದೂಡುತ್ತ ಹೋದರೆ ಎದುರು ಪಕ್ಷದವರಿಗೆ ಅನ್ಯಾಯವಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಅಲ್ಲಿಯೂ ಒಬ್ಬ ಬಡ ವಿಧವೆ ಇರಬಹುದು. ಅದಕ್ಕೆ 1950ರ ಸೇನಾ ಕಾಯ್ದೆಯ 32ನೆಯ ಕಲಮಿನಲ್ಲಿ ಉತ್ತರವಿದೆ: ಮೊಕದ್ದಮೆಗಾಗಿ ರಜೆ ಪಡೆದ ಬಗ್ಗೆ ಸೇನಾಧಿಕಾರಿಯ ಪ್ರಮಾಣಪತ್ರ ಕೊಟ್ಟರೆ, ಆ ರಜೆಯೊಳಗೇ ಪ್ರಕರಣ ಮುಗಿಸಲು ನ್ಯಾಯಾಲಯ ಸಾಧ್ಯವಾದಷ್ಟೂ ಪ್ರಯತ್ನಿಸಬೇಕು. ರಜೆಯೇ ಸಿಗದಿದ್ದರೆ ತನ್ನ ಪರವಾಗಿ ದಾವೆ ನಡೆಸಲು ಬೇರೊಬ್ಬರಿಗೆ ಲಿಖಿತ ಅಧಿಕಾರ ಕೊಡಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 28ನೆಯ ಆದೇಶ ಅವಕಾಶ ಕೊಡುತ್ತದೆ. ಕಮಾಂಡಿಂಗ್ ಅಧಿಕಾರಿಯ ಸಮಕ್ಷಮದಲ್ಲಿ ಸಹಿಯಾಗಿ, ಅವರ ಮೇಲುಸಹಿಯೊಂದಿಗೆ ನ್ಯಾಯಾಲಯಕ್ಕೆ ಸಲ್ಲಿಕೆಯಾದರೆ ಸಾಕು. ಹೊರಡುವ ಮುನ್ನವೇ ಈ ಕಾಗದದ ಬಗ್ಗೆ ಮನೆಯವರೊಂದಿಗೆ ಮಾತಾಡಿಕೊಳ್ಳುವುದು ಒಳ್ಳೆಯದು. ಜಮೀನು ಮಾರಾಟದಂಥ ನೋಂದಣಿಯ ಕೆಲಸಕ್ಕೆ ಇದು ಸಾಲದು, ಅದರ ಮುಖ್ತ್ಯಾರ್‌ನಾಮೆಯ (ಪವರ್ ಆಫ್ ಅಟಾರ್ನಿಯ) ನಿಯಮಗಳೇ ಬೇರೆ.

ಖರ್ಚಿನ ವಿಷಯಕ್ಕೆ ಬಂದರೆ, 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ದೊರೆಯುತ್ತದೆ. ಆದರೆ ಪ್ರತಿವಾದಿ ಗಂಡನಾಗಿದ್ದು ಹೆಂಡತಿ ದಾವೆಯ ಪಕ್ಷಗಾರಳೇ ಅಲ್ಲದಿದ್ದಾಗ ಈ ಹಕ್ಕು ಎಷ್ಟರಮಟ್ಟಿಗೆ ಕೈಗೆ ಬಂದೀತು? 2025ರ ಜುಲೈನಲ್ಲಿ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರವು ಸೈನಿಕರಿಗೂ ಅವರ ಕುಟುಂಬಗಳಿಗೂ ಕಾನೂನು ನೆರವು ನೀಡಲು ವೀರ್ ಪರಿವಾರ್ ಸಹಾಯತಾ ಯೋಜನೆಯನ್ನು ಆರಂಭಿಸಿದ್ದು ಈ ಕೊರತೆಯನ್ನು ತುಂಬುವ ದಿಕ್ಕಿನಲ್ಲಿ ಸರಿಯಾದ ಹೆಜ್ಜೆ. ಅದರ ನೆರವು ಶಿವಮೊಗ್ಗದ ಜಿಲ್ಲಾ ಕಚೇರಿಯಲ್ಲೇ ಉಳಿಯದೆ, ಮಳೆಗಾಲದಲ್ಲಿ ಬಸ್ಸು ಸಿಗುವುದೇ ಕಷ್ಟವಾದ ಹೊಸನಗರದ ಹಳ್ಳಿಗಳಿಗೂ ತಲುಪಬೇಕಾದರೆ, ತಾಲ್ಲೂಕಿಗೊಬ್ಬ ವಕೀಲರನ್ನು ಈ ಕೆಲಸಕ್ಕೆಂದೇ ಗೊತ್ತುಮಾಡಿ ಅವರ ಹೆಸರನ್ನು ನಾಡಕಚೇರಿಗಳ ಫಲಕದಲ್ಲಿ ಬರೆಸಬೇಕೆಂಬುದು ನನ್ನ ಒತ್ತಾಯ.