ಆಲೂಗಡ್ಡೆ ಎಸೆದವನಿಗೆ ಸನ್ಮಾನ: ವಿಲಿಯಮ್ಸ್‌ಪೋರ್ಟ್ ಮಾಡಿದ್ದು ಸರಿಯೇ?

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ವಿಲಿಯಮ್ಸ್‌ಪೋರ್ಟ್ ಮೂವತ್ತು ಸಾವಿರಕ್ಕೂ ಕಡಿಮೆ ಜನರ ಊರು. ಅಲ್ಲಿ 1987ರಿಂದ 1991ರವರೆಗೆ, ಐದೇ ಐದು ಋತು, ‘ಬಿಲ್ಸ್’ ಎಂಬ ಬೇಸ್‌ಬಾಲ್ ತಂಡವಿತ್ತು. ಆಡುತ್ತಿದ್ದದ್ದು ಈಸ್ಟರ್ನ್ ಲೀಗ್‌ನಲ್ಲಿ, ಅಮೆರಿಕದ ಅತಿ ಮೇಲಿನ ಮೇಜರ್ ಲೀಗ್‌ಗಿಂತ ಎರಡು ಮೆಟ್ಟಿಲು ಕೆಳಗಿನ ಡಬಲ್-ಎ ದರ್ಜೆಯಲ್ಲಿ. ಮೊದಲ ವರ್ಷವೇ ಅದರ ಕ್ಯಾಚರ್ (ಬ್ಯಾಟ್ ಹಿಡಿದವನ ಹಿಂದೆ ಕೂತು ಚೆಂಡು ಹಿಡಿಯುವವನು) ಡೇವ್ ಬ್ರೆಸ್ನಹಾನ್ ಪಂದ್ಯದ ನಡುವೆ ಚೆಂಡಿನ ಬದಲು ಆಲೂಗಡ್ಡೆ ಎಸೆದು ಕೆಲಸ ಕಳೆದುಕೊಂಡ. ಮರುವರ್ಷ ಅದೇ ತಂಡ ಅವನನ್ನು ಕರೆಸಿ, ಅವನ 59ನೇ ನಂಬರಿನ ಅಂಗಿಯನ್ನು ಇನ್ಯಾರಿಗೂ ಕೊಡುವುದಿಲ್ಲವೆಂದು ಸಾರಿತು. ದೊಡ್ಡ ಆಟಗಾರರಿಗೆ ಮೀಸಲಾದ ಗೌರವ ಅದು. ಕೊಟ್ಟದ್ದು ಸರಿಯೇ?

ಪರ

ಅವತ್ತು ನಡೆದದ್ದನ್ನು ಸರಿಯಾಗಿ ನೋಡಿ. 1987ರ ಆಗಸ್ಟ್ 31. ಋತು ಮುಗಿಯುತ್ತಾ ಬಂದಿತ್ತು, ಪ್ರಶಸ್ತಿಯ ಆಸೆಯನ್ನು ಬಿಲ್ಸ್ ಎಂದೋ ಕೈಬಿಟ್ಟಿತ್ತು. ಎದುರಾಳಿ ರೆಡಿಂಗ್ ಫಿಲೀಸ್. ಅವರ ರಿಕ್ ಲಂಡ್‌ಬ್ಲೇಡ್ ಮೂರನೇ ಬೇಸ್‌ನಲ್ಲಿದ್ದ; ಅಲ್ಲಿಂದ ಕ್ಯಾಚರ್ ಇರುವ ಹೋಮ್ ಮುಟ್ಟಿದರೆ ಒಂದು ರನ್. ಬ್ರೆಸ್ನಹಾನ್ ಗ್ಲೌಸ್‌ನ ಹೆಣಿಗೆ ಕಿತ್ತಿದೆ ಎಂದು ಅಂಪೈರ್‌ಗೆ ಹೇಳಿ ಡಗೌಟ್‌ಗೆ ಹೋಗಿ ಇನ್ನೊಂದು ಗ್ಲೌಸ್ ತಂದ. ಅದರೊಳಗೆ ಸಿಪ್ಪೆ ಸುಲಿದು, ಚೆಂಡಿನ ಗಾತ್ರಕ್ಕೆ ಕೆತ್ತಿದ ಆಲೂಗಡ್ಡೆ. ಪಿಚರ್ ಎಸೆದ ಚೆಂಡು ಕೈಗೆ ಬಂದದ್ದೇ ತಡ, ಆಲೂಗಡ್ಡೆಯನ್ನು ಮೂರನೇ ಬೇಸ್ ಕಾಯುತ್ತಿದ್ದ ತನ್ನ ತಂಡದವನ ತಲೆ ಮೇಲಿಂದ ಎಸೆದ. ‘ಚೆಂಡು’ ದೂರ ಹೋಯಿತೆಂದು ಲಂಡ್‌ಬ್ಲೇಡ್ ಹೋಮ್ ಕಡೆ ಓಡಿ ಬಂದ. ಅಲ್ಲಿ ಬ್ರೆಸ್ನಹಾನ್ ನಿಜವಾದ ಚೆಂಡು ಹಿಡಿದು ಕಾದಿದ್ದ!

ಅಂಪೈರ್ ಸ್ಕಾಟ್ ಪಾಟರ್ ನಗಲಿಲ್ಲ, ರನ್ ಕೊಟ್ಟರು. ಮ್ಯಾನೇಜರ್ ಒರ್ಲಾಂಡೊ ಗೋಮೆಜ್ ಅವನನ್ನು ಹೊರಗೆ ಕೂರಿಸಿ 50 ಡಾಲರ್ ದಂಡ ಹಾಕಿದರು. ಮಾತೃಸಂಸ್ಥೆ, ಅಂದರೆ ಬಿಲ್ಸ್‌ಗೆ ಆಟಗಾರರನ್ನು ಕಳಿಸುವ ಮೇಜರ್ ಲೀಗ್ ತಂಡವಾದ ಕ್ಲೀವ್‌ಲ್ಯಾಂಡ್ ಇಂಡಿಯನ್ಸ್ ಮರುದಿನವೇ ಗೇಟ್‌ಪಾಸ್ ಕೊಟ್ಟಿತು. ಶಿಕ್ಷೆ ಬಾಕಿ ಉಳಿಯಲೇ ಇಲ್ಲ. ರನ್ ಎದುರಾಳಿಗೆ ಹೋಯಿತು, ಕೆಲಸವೂ ಹೋಯಿತು. ಅಷ್ಟಾದ ಮೇಲೂ ಊರು ನಗಬಾರದೆಂದರೆ ಹೇಗೆ?

ಈ ದರ್ಜೆಯ ತಂಡಗಳ ವ್ಯವಹಾರವನ್ನೂ ತಿಳಿದಿರಬೇಕು. ಆಟಗಾರರಿಗೆ ಸಂಬಳ ಕೊಡುವುದು, ಅವರನ್ನು ಬಡ್ತಿ ಕೊಟ್ಟು ಮೇಲಕ್ಕೆ ಕರೆಸಿಕೊಳ್ಳುವುದು, ಕಿತ್ತುಹಾಕುವುದು ಎಲ್ಲವೂ ಮಾತೃಸಂಸ್ಥೆಯ ಕೈಯಲ್ಲಿ. ಊರಿನ ಮಾಲೀಕನ ಪಾಲಿಗೆ ಬರುವುದು ಟಿಕೆಟ್ಟು, ತಿಂಡಿ, ಜಾಹೀರಾತು. ಚೆನ್ನಾಗಿ ಆಡುವ ಹುಡುಗ ಊರಲ್ಲಿ ನಿಲ್ಲುವುದಿಲ್ಲ. ಮುಂದೆ ನ್ಯೂಯಾರ್ಕ್ ಯಾಂಕೀಸ್‌ನಲ್ಲಿ ಹೆಸರು ಮಾಡಿದ ಟೀನೊ ಮಾರ್ಟಿನೆಜ್ 1989ರಲ್ಲಿ ಬಿಲ್ಸ್ ಅಂಗಿ ತೊಟ್ಟವನೇ. ಅವನನ್ನು ವಿಲಿಯಮ್ಸ್‌ಪೋರ್ಟ್‌ನವನು ಎಂದು ಯಾರು ಕರೆಯುತ್ತಾರೆ? ಬ್ರೆಸ್ನಹಾನ್ ಮಾತ್ರ ಪೂರ್ತಿ ಈ ಊರಿನ ಸ್ವತ್ತು. ಮೇಜರ್ ಲೀಗ್‌ನ ಬಾಗಿಲು ಅವನಿಗೆ ತೆರೆಯುವಂತಿರಲಿಲ್ಲ. ಆ ವರ್ಷ ಅವನ ಬ್ಯಾಟಿಂಗ್ ಸರಾಸರಿ .149, ಅಂದರೆ ನೂರು ಸಲ ಬ್ಯಾಟ್ ಹಿಡಿದರೆ ಹದಿನೈದು ಹಿಟ್ ಕೂಡ ಇಲ್ಲ. ಅವನಿಗೂ ಇದು ಗೊತ್ತಿತ್ತು. ನಂಬರ್ ಮೀಸಲಾಗಲು ಯಾಂಕೀಸ್‌ನ ದಿಗ್ಗಜ ಲೂ ಗೆಹ್ರಿಗ್ ಸತತ 2,130 ಪಂದ್ಯ ಆಡಬೇಕಾಯಿತು, ನನಗೆ ಒಂದು ಆಲೂಗಡ್ಡೆ ಸಾಕಾಯಿತು ಎಂದು ಸನ್ಮಾನದ ದಿನ ತನ್ನನ್ನೇ ಗೇಲಿ ಮಾಡಿಕೊಂಡ. ದಂಡಕ್ಕೆ ಬದಲಾಗಿ ಮ್ಯಾನೇಜರ್ ಮೇಜಿನ ಮೇಲೆ 50 ಆಲೂಗಡ್ಡೆ ಸುರಿದು ಹೋದ ಮನುಷ್ಯ! ಇಂಥವನಿಗೆ ಒಂದು ಅಂಗಿ ಮೀಸಲಿಟ್ಟರೆ ಬೇಸ್‌ಬಾಲ್‌ನ ಮಾನ ಹೋಗುವುದಿಲ್ಲ.

ವಿರೋಧ

ನಗುವುದು ಬೇರೆ, ಸನ್ಮಾನ ಮಾಡುವುದು ಬೇರೆ. ಮೈದಾನದಲ್ಲಿ ಆದದ್ದರ ಬಗ್ಗೆ ನನ್ನ ತಕರಾರು ಸಣ್ಣದು. ಎದುರಾಳಿಯನ್ನು ಏಮಾರಿಸುವುದು ಬೇಸ್‌ಬಾಲ್‌ನಲ್ಲಿ ಹೊಸತೇನಲ್ಲ, ಆದರೆ ಏಮಾರಿಸುವುದೂ ಚೆಂಡಿನಲ್ಲೇ ಆಗಬೇಕು. ಕ್ರಿಕೆಟ್‌ನಲ್ಲಿ ಚೆಂಡಿಲ್ಲದ ಕೈಯಿಂದ ಎಸೆದಂತೆ ನಟಿಸಿದರೂ 2017ರಿಂದ ಐದು ರನ್ ದಂಡವಿದೆ. ಪಾಟರ್ ಕೊಟ್ಟ ತೀರ್ಪು ಸರಿ, ಅಲ್ಲಿಗೆ ಲೆಕ್ಕ ಚುಕ್ತಾ.

ನನಗೆ ಹಿಡಿಸದ್ದು ಆಮೇಲಿನದು. ಕ್ಲೀವ್‌ಲ್ಯಾಂಡ್ ಹೊರಗೆ ಹಾಕಿದ ಬೆನ್ನಿಗೇ ಬಿಲ್ಸ್ ಆಡಳಿತ ಆಲೂಗಡ್ಡೆ ತಂದವರಿಗೆ ಅಗ್ಗದ ಟಿಕೆಟ್ ಎಂದು ಘೋಷಿಸಿತು. ಮರುವರ್ಷದ ನಂಬರ್ ನಿವೃತ್ತಿಯೂ ಅದೇ ವ್ಯಾಪಾರದ ಮುಂದುವರಿಕೆ. ತಮಾಷೆಯನ್ನು ತಮಾಷೆಯಾಗಿ ಬಿಟ್ಟಿದ್ದರೆ ಚೆನ್ನಾಗಿತ್ತು, ಕೌಂಟರಿಗೆ ತಂದರು. ಅದೇ ಅಂಗಿ ತೊಟ್ಟು, ಬಸ್ಸಿನಲ್ಲಿ ಊರೂರು ಅಲೆದು, ಮೇಲೆ ಹೋಗಲಾರದೆ ಮನೆಗೆ ಮರಳಿದ ಹುಡುಗರು ಎಷ್ಟೋ. ಅವರಲ್ಲಿ ಒಬ್ಬನ ನಂಬರ್ ಕೂಡ ಯಾರಿಗೂ ನೆನಪಿಲ್ಲ.

ಅದೂ ಯಾವ ಊರಿನಲ್ಲಿ? 1939ರಲ್ಲಿ ಕಾರ್ಲ್ ಸ್ಟಾಟ್ಜ್ ಮಕ್ಕಳಿಗಾಗಿ ಲಿಟಲ್ ಲೀಗ್ ಶುರು ಮಾಡಿದ ಊರಿನಲ್ಲಿ. ಅದರ ವರ್ಲ್ಡ್ ಸೀರೀಸ್‌ಗೆ ಇಂದಿಗೂ ಪ್ರಪಂಚದ ಮಕ್ಕಳು ಬರುವುದು ನದಿಯಾಚೆಯ ಸೌತ್ ವಿಲಿಯಮ್ಸ್‌ಪೋರ್ಟ್‌ಗೆ. ಮಗು ಕೆಟ್ಟುಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ, ಮಕ್ಕಳು ಅಷ್ಟು ಪೆದ್ದರಲ್ಲ. ಆದರೆ ಬೇಸ್‌ಬಾಲ್ ಬಗ್ಗೆ ಇಷ್ಟು ಹೇಳಿಕೊಳ್ಳಲು ಇರುವ ಊರಿಗೆ ಆಲೂಗಡ್ಡೆ ಬೇಕಿತ್ತೇ?

ಇಷ್ಟಾಗಿ ತಂಡ ಉಳಿಯಿತೇ? ಕನೆಟಿಕಟ್‌ನ ವಾಟರ್‌ಬರಿಯಿಂದ ಎದ್ದು ಬಂದ ತಂಡ ಅದು. 1988 ಮುಗಿದದ್ದೇ ಕ್ಲೀವ್‌ಲ್ಯಾಂಡ್ ಕೈಬಿಟ್ಟಿತು. ಎರಡು ವರ್ಷ ಸಿಯಾಟಲ್ ಮ್ಯಾರಿನರ್ಸ್, ಕೊನೆಯ ವರ್ಷ ನ್ಯೂಯಾರ್ಕ್ ಮೆಟ್ಸ್ ಹುಡುಗರನ್ನು ಕಳಿಸಿದವು. 1992ಕ್ಕೆ ತಂಡ ಹೊಸ ಸ್ಟೇಡಿಯಂ ಕಟ್ಟಿದ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್‌ಗೆ ಹೋಯಿತು. ಬಿಲ್ಸ್ ಆಡುತ್ತಿದ್ದ 1926ರ ಮೈದಾನ ಬೋಮನ್ ಫೀಲ್ಡ್ ಎರಡು ಬೇಸಿಗೆ ಖಾಲಿ. ಆ ಮೈದಾನವನ್ನು ರಿಪೇರಿ ಮಾಡುವುದು, ಮಾತೃಸಂಸ್ಥೆಯನ್ನು ಹಿಡಿದು ನಿಲ್ಲಿಸುವುದು ಬೇಸರದ ಕೆಲಸಗಳು, ಪತ್ರಿಕೆಯಲ್ಲಿ ಫೋಟೊ ಬರುವುದಿಲ್ಲ. 59ನ್ನು ಮುಂದೆ ಯಾರೂ ತೊಡಬಾರದೆಂದು ಸಾರಿದ ಮೂರೇ ವರ್ಷಕ್ಕೆ ಬಿಲ್ಸ್ ಅಂಗಿ ತೊಡುವವರೇ ಇಲ್ಲವಾದರು. 1994ರಲ್ಲಿ ಮತ್ತೆ ಬೇಸ್‌ಬಾಲ್ ಬಂದಾಗ ಅದು ಬೇರೆ ತಂಡ, ಕೆಳಗಿನ ದರ್ಜೆಯ ಲೀಗ್. ಡಬಲ್-ಎ ಮತ್ತೆ ಆ ಊರಿಗೆ ಬರಲಿಲ್ಲ.