'ಎಕ್ಸ್‌ಮಸ್' ಬರಹದಿಂದ ಕ್ರಿಸ್ತನ ಹೆಸರು ಅಳಿಸಿಹೋಗಿಲ್ಲ

ಡಿಸೆಂಬರ್ ಬಂತೆಂದರೆ, ಕ್ರಿಸ್‌ಮಸ್ ಅನ್ನು 'ಎಕ್ಸ್‌ಮಸ್' ಎಂದು ಬರೆಯುವುದು ಹಬ್ಬದಿಂದ ಕ್ರಿಸ್ತನನ್ನೇ ಅಳಿಸುವ ಇತ್ತೀಚಿನ ಹುನ್ನಾರ ಎಂಬ ಸಂದೇಶವೊಂದು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತದೆ. ಇದು ನಿಜವಲ್ಲ. ಇಲ್ಲಿರುವ 'ಎಕ್ಸ್' ತಪ್ಪು ಉತ್ತರದ ಮೇಲೆ ಮೇಷ್ಟ್ರು ಎಳೆಯುವ ಗೀಟಲ್ಲ. ಗ್ರೀಕ್ ಭಾಷೆಯ 'ಕ್ರಿಸ್ತೋಸ್' ಪದದ ಮೊದಲಕ್ಷರವಾದ 'ಖೀ', ನೋಡಲು ಇಂಗ್ಲಿಷಿನ ಎಕ್ಸ್‌ನಂತೆಯೇ ಇರುತ್ತದೆ. ಬೈಬಲಿನ ಹೊಸ ಒಡಂಬಡಿಕೆಯ ಪ್ರಾಚೀನ ಗ್ರೀಕ್ ಹಸ್ತಪ್ರತಿಗಳಲ್ಲಿ ಪವಿತ್ರ ನಾಮಗಳನ್ನು ಸಂಕ್ಷೇಪಿಸಿ, ಗೌರವಸೂಚಕವಾಗಿ ಮೇಲೊಂದು ಗೆರೆ ಎಳೆಯುವ ಪದ್ಧತಿಯಿತ್ತು; 4ನೆಯ ಶತಮಾನದ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನನ ಸೇನಾಧ್ವಜದಲ್ಲಿ 'ಖೀ' ಮತ್ತು ಅದೇ ಪದದ ಎರಡನೆಯ ಅಕ್ಷರವಾದ 'ರೋ' ಇವೆರಡನ್ನೂ ಹೆಣೆದ ಲಾಂಛನವೇ ಇತ್ತು. ಇಂಗ್ಲಿಷಿನಲ್ಲಿ ಹಬ್ಬದ ಹೆಸರನ್ನು ಹೀಗೆ ಮೊಟಕುಗೊಳಿಸಿದ ಉದಾಹರಣೆಗಳು 16ನೆಯ ಶತಮಾನದಲ್ಲಿಯೇ ಸಿಗುತ್ತವೆ. ಉಳಿದ 'ಮಸ್' ಎಂಬುದು 'ಮಾಸ್', ಅಂದರೆ ನಮ್ಮ ಕಥೋಲಿಕರು ಬಲಿಪೂಜೆ ಎಂದು ಕರೆಯುವ ಆರಾಧನೆ.